ಮೂಳೆ ನಮ್ಮೂರದು, ಪಿಎಚ್‌ಡಿ ಯಾವೂರದು?

ಬೇಗೂರಿನಲ್ಲಿ ನಾವು ಮೂವರು ಒಂದೇ ರೂಮಿನಲ್ಲಿದ್ದೇವೆ. ಊರು ಬೇರೆ ಬೇರೆ, ಓದಿದ್ದು ಒಂದೇ ಕಾಲೇಜು. ಕೆಳಗಿನ ಬೀದಿಯಲ್ಲಿ ಒಂದು ದರ್ಶಿನಿ, ಒಂದು ರಿಚಾರ್ಜ್ ಅಂಗಡಿ, ಅದರ ಪಕ್ಕ ಪುತ್ತೂರು ಕಟ್ಟು ಕಟ್ಟುವವರ ಬೋರ್ಡು. ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿ ಜನ ಕೂತಿರುತ್ತಾರೆ. ಸಾರ್ವೆಯಿಂದ ಬಿದ್ದ ಯಾದಗಿರಿಯ ಹುಡುಗ, ಹೊಸೂರು ರಸ್ತೆಯಲ್ಲಿ ಬೈಕ್ ಜಾರಿದ ಡೆಲಿವರಿ ಹುಡುಗ, ಬಚ್ಚಲಲ್ಲಿ ಕಾಲು ಜಾರಿದ ಅಜ್ಜಿ. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು ಇಲ್ಲಿಂದ ಕೂಗಳತೆ ದೂರ. ಆದರೆ ಮೂಳೆ ಮುರಿದಾಗ ನಮ್ಮ ಜನ ಮೊದಲು ಹುಡುಕುವುದು ಈ ಬೋರ್ಡನ್ನೇ.

ನಮ್ಮ ಬಿಲ್ಡಿಂಗಿನ ಗೇಟಿನಲ್ಲಿ ಒಬ್ಬರು ಸೆಕ್ಯುರಿಟಿ ಇದ್ದಾರೆ. ಸಾಗರ ತಾಲೂಕಿನ ಕಡೆಯವರು, ವಯಸ್ಸು ಮೂವತ್ತರ ಆಸುಪಾಸು. ನಡೆಯುವಾಗ ಎರಡೂ ಕಡೆ ವಾಲುತ್ತಾರೆ. ಹನ್ನೆರಡು ಗಂಟೆ ಡ್ಯೂಟಿ, ಕೂರಲು ಒಂದು ಪ್ಲಾಸ್ಟಿಕ್ ಕುರ್ಚಿ. ಒಂದು ದಿನ ನಾವೇ ಕೇಳಿದೆವು. ಅವರು ಹೇಳಿದ್ದು ಇಷ್ಟು: "ಸೊಂಟದ ಕೀಲು ಸವೆದಿದೆ ಅಂದ್ರು. ನಮ್ಮಮ್ಮನಿಗೂ ಹಿಂಗೇ ಇತ್ತು, ಮಾವನಿಗೂ ಇತ್ತು. ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿ ಅಂದ್ರು. ನಾನು ಒಂದೇ ಒಂದು ಮಾತು ಕೇಳ್ದೆ ಸಾರ್, ನನ್ನ ಮಗಳಿಗೂ ಬರುತ್ತಾ ಅಂತ. ಡಾಕ್ಟ್ರು ಮುಂದಿನ ಟೋಕನ್ ಕರೆದ್ರು."

ಆ ಡಾಕ್ಟರ್ ಮೇಲೆ ನಮಗೆ ಸಿಟ್ಟಿಲ್ಲ. ಹೊರಗೆ ಎಂಬತ್ತು ಜನ ಕಾಯುತ್ತಿದ್ದರೆ ಯಾರಾದರೂ ಮುಂದಿನ ಟೋಕನ್ ಕರೆಯುತ್ತಾರೆ. ನಮ್ಮ ಸಿಟ್ಟು ಇರುವುದು ಬೇರೆ ಕಡೆ. ಆ ಪ್ರಶ್ನೆಯ ಜೊತೆ ಐದು ವರ್ಷ ಕೂರುವ ಒಬ್ಬ ಡಾಕ್ಟರನ್ನು ತಯಾರು ಮಾಡಬೇಕು ಅಂತ ಈ ರಾಜ್ಯಕ್ಕೆ ಅನ್ನಿಸಿಯೇ ಇಲ್ಲವಲ್ಲ, ಅದರ ಮೇಲೆ.

ಯಾರು ಈ ಸರ್ಜನ್-ವಿಜ್ಞಾನಿ?

ಮೂಳೆ ಡಾಕ್ಟರ್ ಆಗಲು ಎಂಬಿಬಿಎಸ್ ಮುಗಿಸಿ ಮೂರು ವರ್ಷ ಎಂಎಸ್ ಆರ್ಥೋಪೆಡಿಕ್ಸ್ ಓದಬೇಕು. ಆಮೇಲೆ ಜೀವನಪೂರ್ತಿ ರಾಡು, ಪ್ಲೇಟು, ಸ್ಕ್ರೂ. ಇದು ದೊಡ್ಡ ಕೆಲಸವೇ. ಆದರೆ ಕೆಲವರು ಇದರ ಮೇಲೆ ಪಿಎಚ್‌ಡಿಯನ್ನೂ ಮಾಡುತ್ತಾರೆ. ವಾರದಲ್ಲಿ ಎರಡು ದಿನ ಆಪರೇಷನ್, ಮೂರು ದಿನ ಲ್ಯಾಬು. ಈ ಮೂಳೆ ಯಾಕೆ ಕೂಡಲಿಲ್ಲ, ಈ ಕೀಲು ಯಾಕೆ ಇಷ್ಟು ಬೇಗ ಸವೆಯಿತು, ಈ ಊರಿನಲ್ಲೇ ಯಾಕೆ ಹೀಗೆ ಅಂತ ಹುಡುಕುತ್ತಾರೆ. ಅವರನ್ನೇ ಸರ್ಜನ್-ವಿಜ್ಞಾನಿ ಅನ್ನುವುದು.

ಜಂಟಿ ಅಂತರರಾಷ್ಟ್ರೀಯ ಪಿಎಚ್‌ಡಿ ಅಂದರೆ ಇಲ್ಲೊಂದು ವಿಶ್ವವಿದ್ಯಾಲಯ, ಹೊರದೇಶದಲ್ಲೊಂದು ವಿಶ್ವವಿದ್ಯಾಲಯ, ಎರಡೂ ಕಡೆ ಒಬ್ಬೊಬ್ಬ ಗೈಡ್, ಪ್ರಬಂಧ ಒಂದೇ. ಯುರೋಪಿನಲ್ಲಿ ಇದು ಹಳೆಯ ಮಾತು. ಅಲ್ಲಿನ ಮೇರಿ ಕ್ಯೂರಿ ಹೆಸರಿನ ಯೋಜನೆಯಲ್ಲಿ ಪಿಎಚ್‌ಡಿ ವಿದ್ಯಾರ್ಥಿಯನ್ನು ನೌಕರನಂತೆ ಒಪ್ಪಂದ ಮಾಡಿ ಸಂಬಳ ಕೊಟ್ಟು ಓದಿಸುತ್ತಾರೆ. ನಮ್ಮಲ್ಲೂ ಕಾನೂನಿನ ಬಾಗಿಲು ತೆರೆದಿದೆ. 2022ರಲ್ಲಿ ಯುಜಿಸಿ ತಂದ ನಿಯಮದ ಪ್ರಕಾರ ಒಳ್ಳೆಯ ದರ್ಜೆಯ ಭಾರತೀಯ ವಿಶ್ವವಿದ್ಯಾಲಯಗಳು ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಜಂಟಿ ಪದವಿ ಕೊಡಬಹುದು. ಪಿಎಚ್‌ಡಿಯಾದರೆ ಎರಡೂ ಕಡೆ ಕನಿಷ್ಠ ಒಂದೊಂದು ಸೆಮಿಸ್ಟರ್ ಇರಬೇಕು.

ಬೆಂಗಳೂರಿನಲ್ಲಿ ಬೇಕಾದದ್ದೆಲ್ಲ ಇದೆ. 2022ರ ಫೆಬ್ರವರಿಯಲ್ಲಿ ಐಐಎಸ್‌ಸಿ 425 ಕೋಟಿ ರೂಪಾಯಿ ದಾನದ ಬಲದಲ್ಲಿ ಆಸ್ಪತ್ರೆ ಸಮೇತ ವೈದ್ಯಕೀಯ ಶಾಲೆ ಕಟ್ಟುವುದಾಗಿ ಘೋಷಿಸಿತು. ಚಿಕಿತ್ಸೆ ಮತ್ತು ಸಂಶೋಧನೆ ಎರಡನ್ನೂ ಒಬ್ಬನೇ ವಿದ್ಯಾರ್ಥಿಗೆ ಕಲಿಸುವುದು ಅದರ ಗುರಿ. ಜಯನಗರದ ಕಡೆ ಸರ್ಕಾರದ್ದೇ ಸಂಜಯ ಗಾಂಧಿ ಅಪಘಾತ ಮತ್ತು ಮೂಳೆ ಸಂಸ್ಥೆ ಇದೆ. ಬೇಗೂರಿನ ಪಕ್ಕದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ವಂಶವಾಹಿ ಓದುವ ಐಬ್ಯಾಬ್ ಸಂಸ್ಥೆ ಇದೆ. ಇನ್ನೂ ಸ್ವಲ್ಪ ಮುಂದೆ ಬೊಮ್ಮಸಂದ್ರದಲ್ಲಿ, 2007ರ ನವೆಂಬರಿನಲ್ಲಿ, ನಾಲ್ಕು ಕೈ ನಾಲ್ಕು ಕಾಲಿನೊಂದಿಗೆ ಹುಟ್ಟಿದ್ದ ಬಿಹಾರದ ಪುಟ್ಟ ಹುಡುಗಿಗೆ ಮೂಳೆತಜ್ಞ ಡಾ. ಶರಣ್ ಪಾಟೀಲರ ತಂಡ ಒಂದು ದಿನಕ್ಕೂ ಹೆಚ್ಚು ಹೊತ್ತು ಆಪರೇಷನ್ ಮಾಡಿತ್ತು. ಜಗತ್ತೇ ನೋಡಿತ್ತು. ಅಂದರೆ ಕೈಚಳಕಕ್ಕೆ ಇಲ್ಲಿ ಬರವಿಲ್ಲ. ಬರ ಇರುವುದು ಪ್ರಶ್ನೆ ಕೇಳುವ ಪುರುಸೊತ್ತಿಗೆ.

"ಮೊದಲು ಡಾಕ್ಟರ್ ಕೊಡಿ, ಪಿಎಚ್‌ಡಿ ಆಮೇಲೆ"

ಈ ಮಾತು ನಮಗೆ ಗೊತ್ತು. ಊರಿಗೆ ಹೋದಾಗ ಕಟ್ಟೆ ಮೇಲೆ ಇದನ್ನೇ ಕೇಳುತ್ತೇವೆ. ತಾಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವರೇ ಇಲ್ಲ, ನಿಮಗೆ ಸಂಶೋಧನೆಯ ಶೋಕಿ ಯಾಕೆ ಅಂತ. ನ್ಯಾಯವಾದ ಸಿಟ್ಟು ಇದು. ಆದರೆ ಇದೇ ಮಾತನ್ನು ಅಧಿಕಾರಿಗಳ ಬಾಯಲ್ಲಿ ಕೇಳಿದಾಗ ಮಾತ್ರ ನಮಗೆ ಮೈ ಉರಿಯುತ್ತದೆ. ಅವರು ಹಳ್ಳಿಗೆ ಡಾಕ್ಟರನ್ನೂ ಕೊಡುವುದಿಲ್ಲ, ಪಿಎಚ್‌ಡಿಯನ್ನೂ ಕೊಡುವುದಿಲ್ಲ. ಒಂದನ್ನು ತೋರಿಸಿ ಇನ್ನೊಂದನ್ನು ತಪ್ಪಿಸುತ್ತಾರೆ. ಹಳ್ಳಿಯವರಿಗೆ ಕ್ಯಾಂಪು, ಮಾತ್ರೆ, ಮುಲಾಮು ಸಾಕು, ವಿಜ್ಞಾನ ಪಟ್ಟಣದವರಿಗೆ. ಈ ಹಂಚಿಕೆ ಯಾರು ಮಾಡಿದ್ದು?

ಮೂಳೆ ವಿಜ್ಞಾನದ ಚರಿತ್ರೆಯನ್ನೇ ನೋಡಿ. ಗವ್ರಿಲ್ ಇಲಿಜರೋವ್ ಅನ್ನುವ ಡಾಕ್ಟರ್ 1944ರಲ್ಲಿ ಕೆಲಸಕ್ಕೆ ಸೇರಿದ್ದು ಸೈಬೀರಿಯಾದ ಕುರ್ಗಾನ್ ಪ್ರಾಂತ್ಯದ ಒಂದು ಹಳ್ಳಿ ಆಸ್ಪತ್ರೆಗೆ. ಯುದ್ಧದಿಂದ ಮರಳಿದವರು, ವರ್ಷಗಟ್ಟಲೆ ಕೂಡದ ಮೂಳೆ ಹೊತ್ತವರು ಅವರ ಮುಂದೆ ಸಾಲು ನಿಂತಿದ್ದರು. ಮೂಳೆಯ ಸುತ್ತ ಕಬ್ಬಿಣದ ಬಳೆಗಳನ್ನು ಹಾಕಿ, ಬಿಗಿ ತಂತಿಗಳಿಂದ ಹಿಡಿದು, ದಿನಕ್ಕೆ ಇಷ್ಟಿಷ್ಟೇ ಎಳೆದರೆ ಹೊಸ ಮೂಳೆ ಬೆಳೆಯುತ್ತದೆ ಅಂತ ಕಂಡುಕೊಂಡರು. 1950ರ ದಶಕದ ಶುರುವಿನಲ್ಲೇ ಅವರ ಉಪಕರಣ ತಯಾರಾಗಿತ್ತು. ದೊಡ್ಡ ಊರಿನ ಪ್ರೊಫೆಸರುಗಳು ಬಹುಕಾಲ ನಂಬಲಿಲ್ಲ. 1968ರಲ್ಲಿ ಪ್ರಬಂಧ ಮಂಡಿಸಿದಾಗ, ಅವರು ಕೇಳಿದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನ ಡಾಕ್ಟರೇಟನ್ನೇ ಕೊಟ್ಟರು. 1980ರಲ್ಲಿ ಇಟಲಿಯ ಪರ್ವತಾರೋಹಿ ಕಾರ್ಲೋ ಮೌರಿ ವರ್ಷಗಳಿಂದ ವಾಸಿಯಾಗದ ಕಾಲು ಎಳೆದುಕೊಂಡು ಕುರ್ಗಾನಿಗೆ ಬಂದು ವಾಸಿಮಾಡಿಕೊಂಡು ಹೋದ ಮೇಲೆ ಪಶ್ಚಿಮದ ಕಣ್ಣು ತೆರೆಯಿತು. ನಿಮ್ಮೂರಲ್ಲಿ ಯಾರಾದರೂ ಅಪಘಾತವಾಗಿ ಕಾಲಿಗೆ ಬಳೆ ಬಳೆ ರಾಡು ಹಾಕಿಸಿಕೊಂಡು ಓಡಾಡಿದ್ದರೆ, ಅದು ಆ ಹಳ್ಳಿ ಆಸ್ಪತ್ರೆಯ ಪ್ರಶ್ನೆಗೆ ಸಿಕ್ಕ ಉತ್ತರ.

ಅಷ್ಟು ದೂರ ಯಾಕೆ, ಜೈಪುರದ ಕಾಲು ನೋಡಿ. ವಿದೇಶಿ ಮಾದರಿಯ ಕೃತಕ ಪಾದಕ್ಕೆ ಬೂಟು ಬೇಕಿತ್ತು. ಅದನ್ನು ಹಾಕಿಕೊಂಡು ನೆಲದ ಮೇಲೆ ಚಕ್ಕಂಬಕ್ಕಳ ಕೂರಲಾಗದು, ಕುಕ್ಕರಗಾಲಲ್ಲಿ ಕೂರಲಾಗದು, ಕೆಸರು ಗದ್ದೆಗೆ ಇಳಿಯಲಾಗದು. ಸರ್ಜನ್ ಪಿ.ಕೆ. ಸೇಠಿ ಮತ್ತು ಹೆಚ್ಚು ಓದದ ಕುಶಲಕರ್ಮಿ ರಾಮಚಂದ್ರ ಶರ್ಮ ಸೇರಿ 1960ರ ದಶಕದ ಕೊನೆಯಲ್ಲಿ ರಬ್ಬರಿನ ಪಾದ ಮಾಡಿದರು. ಬರಿಗಾಲಲ್ಲಿ ನಡೆಯುವ, ಹೊಲಕ್ಕೆ ಇಳಿಯುವ ಜನರ ಪಾದ ಅದು. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪ್ರಶ್ನೆ ನೆಲದಿಂದ ಎದ್ದರೆ ಉತ್ತರವೂ ನೆಲಕ್ಕೆ ಹೊಂದುತ್ತದೆ ಅನ್ನುವುದಕ್ಕೆ ಇನ್ಯಾವ ಸಾಕ್ಷಿ ಬೇಕು?

ಹಂದಿಗೋಡಿನ ಪ್ರಶ್ನೆ

ಈಗ ನಮ್ಮ ಗೇಟಿನ ಅಣ್ಣನ ವಿಷಯಕ್ಕೆ ಬರೋಣ. ಅವರ ಊರು ಹಂದಿಗೋಡಿನ ಆಚೆ ಈಚೆ. ಸಾಗರ ತಾಲೂಕಿನ ಈ ಹಳ್ಳಿಯ ಹೆಸರು ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಒಂದು ಕಾಯಿಲೆಯ ಹೆಸರಾಗಿ ಅಚ್ಚಾಗಿದೆ. 1970ರ ದಶಕದ ಮಧ್ಯದಲ್ಲಿ ಇದು ಹೊರಗೆ ಗೊತ್ತಾಯಿತು. ಸೊಂಟ ಮತ್ತು ಮೊಣಕಾಲಿನ ಕೀಲುಗಳು ಹರೆಯದಲ್ಲೇ ಹಾಳಾಗುತ್ತವೆ. ಕೆಲವರು ಕುಳ್ಳಾಗಿಯೇ ಉಳಿಯುತ್ತಾರೆ. ಬೆನ್ನುಮೂಳೆ ಚಪ್ಪಟೆಯಾಗುತ್ತದೆ. ಕೊನೆಗೆ ಕೆಲವರು ತೆವಳುವ ಸ್ಥಿತಿಗೆ ಬರುತ್ತಾರೆ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡು ಹಳ್ಳಿಗಳಲ್ಲಿ, ಹೆಚ್ಚಾಗಿ ಚಲುವಾದಿ ಮತ್ತು ಚನ್ನಂಗಿ ಎಂಬ ದಲಿತ ಸಮುದಾಯಗಳ ಕುಟುಂಬಗಳಲ್ಲಿ ಇದು ಕಂಡುಬಂತು. ಗದ್ದೆ ಕೂಲಿಯಿಂದ ಬದುಕುವವರಿಗೆ ಸೊಂಟ ಹೋದರೆ ಊಟವೇ ಹೋದಂತೆ.

ಮೊದಲು ಗದ್ದೆ ಏಡಿಯ ಮೇಲೆ ಗುಮಾನಿ ಬಂತು. ಭತ್ತಕ್ಕೆ ಹೊಡೆದ ಕೀಟನಾಶಕದಿಂದ ಸತ್ತ ಏಡಿ ತಿಂದು ಹೀಗಾಯಿತು ಅಂದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ ಅವರು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಮಲೆನಾಡಿನ ಕುಟುಂಬಗಳಲ್ಲಿ ಹರಿದುಬರುವ ಸಂಧಿವಾತ ಎಂದು ಕರೆದರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಂಡ ಮನೆಮನೆಯ ವಂಶವೃಕ್ಷ ಬರೆದು, ಎಕ್ಸ್‌ರೇ ತೆಗೆದು, ಇದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬರುವ ವಂಶವಾಹಿ ಕಾಯಿಲೆ ಎಂಬ ತೀರ್ಮಾನಕ್ಕೆ ಬಂತು. ಒಬ್ಬರಿಗೆ ಇದ್ದರೆ ಹುಟ್ಟುವ ಪ್ರತಿ ಮಗುವಿಗೂ ಬರುವ ಸಾಧ್ಯತೆ ಎರಡಕ್ಕೆ ಒಂದು.

ನಮ್ಮ ಅಣ್ಣನಿಗೆ ಇರುವುದು ಇದೇ ಕಾಯಿಲೆ ಅಂತ ನಾವು ಹೇಳುತ್ತಿಲ್ಲ. ನಾವು ಡಾಕ್ಟರಲ್ಲ. ಆದರೆ ಸಾಗರದ ಊರು, ಅಮ್ಮನ ಸೊಂಟ, ಮಾವನ ಸೊಂಟ, ಈಗ ಇವರ ಸೊಂಟ. ಇಷ್ಟು ಕೇಳಿದ ಮೇಲೂ ಯಾರೂ ಆ ಹೆಸರನ್ನು ಎತ್ತಲಿಲ್ಲ. ಹೋಗಿ ಪರೀಕ್ಷೆ ಮಾಡಿಸಿ, ಮಗಳನ್ನೂ ತೋರಿಸಿ, ಚಿಕ್ಕವಳಿದ್ದಾಗಲೇ ನೋಡಿಕೊಂಡರೆ ಒಳ್ಳೆಯದು ಅನ್ನಲಿಲ್ಲ. ಕಾಯಿಲೆಗೆ ಸಾಗರದ ಹಳ್ಳಿಯ ಹೆಸರು, ಪತ್ರಿಕೆಗಳಲ್ಲಿ ಇಂಗ್ಲಿಷ್ ಪ್ರಬಂಧಗಳು, ಆದರೆ ಸಾಗರದವನಿಗೇ ಮಾಹಿತಿ ಇಲ್ಲ. ಅರ್ಧ ಶತಮಾನದ ವಿಜ್ಞಾನ ಹೊಸೂರು ರಸ್ತೆಯ ಗೇಟಿನವರೆಗೆ ನಡೆದು ಬಂದಿಲ್ಲ.

ಬರೀ ಮಲೆನಾಡಲ್ಲ

ಬಯಲುಸೀಮೆಗೆ ಬನ್ನಿ. ಪಾವಗಡ, ಕೋಲಾರ, ಕೊಪ್ಪಳ, ಗದಗದ ಕಡೆಯ ಓದುಗರಿಗೆ ಫ್ಲೋರೈಡ್ ಅಂದರೆ ಏನೆಂದು ನಾವು ಹೇಳಬೇಕಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೋರ್‌ವೆಲ್ ಆಳಕ್ಕೆ ಇಳಿದ ಕಡೆ ಅದು ದಾಟುತ್ತದೆ. ಮೊದಲು ಹಲ್ಲು ಕಂದುತ್ತದೆ, ಆಮೇಲೆ ಬೆನ್ನು ಮರಗಟ್ಟುತ್ತದೆ, ಕತ್ತು ತಿರುಗಿಸಲು ಇಡೀ ಮೈ ತಿರುಗಿಸಬೇಕಾಗುತ್ತದೆ. 1973ರಲ್ಲಿ ಇದೇ ಕೃಷ್ಣಮಾಚಾರಿ ಮತ್ತು ಅವರ ಸಂಗಾತಿ ವಿಜ್ಞಾನಿ ಆಂಧ್ರದ ಫ್ಲೋರೈಡ್ ಹಳ್ಳಿಗಳಲ್ಲಿ ಹರೆಯದ ಹುಡುಗರ ಮೊಣಕಾಲು ಒಳಕ್ಕೆ ಬಾಗುವುದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ನೀರು ಒಂದೇ ಕಾರಣವೇ, ಜೋಳದ ಊಟಕ್ಕೂ ಸಂಬಂಧ ಇದೆಯೇ, ಮೈಯಲ್ಲಿನ ತಾಮ್ರದ ಅಂಶ ಏನಾಗುತ್ತದೆ ಅಂತ ಆಮೇಲೆ ಹುಡುಕಾಟ ನಡೆಯಿತು. ಗಮನಿಸಿ: ಮೂಳೆಯ ಈ ಎರಡೂ ದೊಡ್ಡ ಪ್ರಶ್ನೆಗಳನ್ನು ಹಿಡಿದು ಹಳ್ಳಿಗೆ ಬಂದವರು ಆಹಾರ ವಿಜ್ಞಾನಿಗಳು. ಮೂಳೆ ಸರ್ಜನ್‌ಗಳು ಎಲ್ಲಿದ್ದರು?

ಎಲ್ಲಿರುತ್ತಾರೆ, ಆಪರೇಷನ್ ಥಿಯೇಟರಿನಲ್ಲಿ. ಸಾಲ ತೀರಿಸಬೇಕಲ್ಲ. ಮೂವತ್ತು ದಾಟಿದ ಮೇಲೆ ಪದವಿ ಕೈಗೆ ಬರುತ್ತದೆ. ಮನೆಯಲ್ಲಿ ಅಪ್ಪ ಜಮೀನು ಅಡ ಇಟ್ಟಿರುತ್ತಾನೆ. ಆ ಹುಡುಗನಿಗೋ ಹುಡುಗಿಗೋ "ಇನ್ನೂ ನಾಲ್ಕು ವರ್ಷ ಸ್ಟೈಪೆಂಡಿನಲ್ಲಿ ಲ್ಯಾಬಿನಲ್ಲಿ ಕೂರು" ಅಂದರೆ ಯಾರು ಕೂರುತ್ತಾರೆ? ಕೂರಬಲ್ಲವರು ದುಡ್ಡಿದ್ದ ಮನೆಯವರು ಮಾತ್ರ. ಅವರಿಗೆ ಹಂದಿಗೋಡು ಗೊತ್ತಿರುವುದಿಲ್ಲ. ಹಂದಿಗೋಡು ಗೊತ್ತಿರುವವರಿಗೆ ಕೂರಲು ಆಗುವುದಿಲ್ಲ. ಸಮಸ್ಯೆಯ ಗಂಟು ಇಲ್ಲಿದೆ.

ಜಂಟಿ ಅಂದರೆ ಯಾರ ಜೊತೆ?

ಹಾಗಾಗಿ ನಾವು ಜಂಟಿ ಪಿಎಚ್‌ಡಿ ಬೇಡ ಅನ್ನುವವರಲ್ಲ. ಬೇಕೇ ಬೇಕು. ನಮ್ಮ ತಕರಾರು ಅದರ ಆಕಾರದ ಬಗ್ಗೆ.

ಈಗ ಯಾರೇ ಇಂಥ ಕನಸು ಕಂಡರೂ ಒಂದು ಕಾಲು ಬೆಂಗಳೂರಿನಲ್ಲಿ, ಇನ್ನೊಂದು ಕಾಲು ಯುರೋಪಿನಲ್ಲೋ ಆಸ್ಟ್ರೇಲಿಯಾದಲ್ಲೋ. ಅಲ್ಲಿನ ಲ್ಯಾಬಿನಲ್ಲಿ ಯಾವ ಪ್ರಶ್ನೆ ಓಡುತ್ತಿದೆಯೋ ಅದೇ ಇಲ್ಲಿನ ಹುಡುಗನ ಪ್ರಬಂಧವಾಗುತ್ತದೆ. ಎಂಬತ್ತು ವರ್ಷದ ಜರ್ಮನ್ ಅಜ್ಜಿಯ ಸೊಂಟದ ಪ್ರಶ್ನೆಯೂ ಪ್ರಶ್ನೆಯೇ, ತಪ್ಪಿಲ್ಲ. ಆದರೆ ಮೂವತ್ತು ವರ್ಷದ ಮಲೆನಾಡಿನ ಕೂಲಿಯ ಸೊಂಟವನ್ನು ಕೇಳುವವರು ಯಾರು?

ಅಂತರರಾಷ್ಟ್ರೀಯ ಅಂದ ಕೂಡಲೇ ವಿಮಾನ ಪಶ್ಚಿಮಕ್ಕೇ ಹಾರಬೇಕೆಂದು ಎಲ್ಲಿ ಬರೆದಿದೆ? ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್‌ನಲ್ಲಿ ಮ್ಸೆಲೆನಿ ಅನ್ನುವ ಊರಿದೆ. ಅಲ್ಲೂ ಹಳ್ಳಿಯ ಬಡವರ ಸೊಂಟದ ಕೀಲುಗಳು ಹೀಗೇ ಹಾಳಾಗುತ್ತವೆ. ಆ ಕಾಯಿಲೆಗೂ ಊರಿನದೇ ಹೆಸರು. ಚೀನಾ, ಟಿಬೆಟ್, ಸೈಬೀರಿಯಾದ ಹಳ್ಳಿಗಳಲ್ಲಿ ಮಕ್ಕಳ ಕೀಲುಗಳನ್ನು ತಿನ್ನುವ ಕಾಶಿನ್-ಬೆಕ್ ಕಾಯಿಲೆ ಇದೆ. ಮಣ್ಣಿನಲ್ಲಿ ಸೆಲೆನಿಯಂ ಕಡಿಮೆ ಇರುವುದಕ್ಕೂ ಅದಕ್ಕೂ ನಂಟು ಇದೆ ಅನ್ನುತ್ತಾರೆ. ಹಂದಿಗೋಡು, ಮ್ಸೆಲೆನಿ, ಕಾಶಿನ್-ಬೆಕ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುವ ಒಬ್ಬ ಸರ್ಜನ್, ಒಂದು ಸೆಮಿಸ್ಟರ್ ಡರ್ಬನ್‌ನಲ್ಲಿ, ಒಂದು ಶಿವಮೊಗ್ಗದಲ್ಲಿ. ಇದು ಜಂಟಿ ಡಾಕ್ಟರೇಟ್ ಆಗಬಾರದೇ? ಸ್ವಿಟ್ಜರ್ಲೆಂಡಿನ ಮೂಳೆ ಲ್ಯಾಬುಗಳ ಯಂತ್ರ ಬೇಕಾದರೆ ಅಲ್ಲಿಗೂ ಹೋಗಲಿ. ಆದರೆ ಪ್ರಶ್ನೆಯನ್ನು ಇಲ್ಲಿಂದ ಹೊತ್ತುಕೊಂಡು ಹೋಗಲಿ.

ನಾವು ಕೇಳುವುದು

ಒಂದು. ಕರ್ನಾಟಕದ ಯಾವುದೇ ವಿಶ್ವವಿದ್ಯಾಲಯ ಮೂಳೆ ವಿಷಯದಲ್ಲಿ ಜಂಟಿ ಪಿಎಚ್‌ಡಿ ಶುರು ಮಾಡಿದರೆ, ಎರಡು ವಿಶ್ವವಿದ್ಯಾಲಯಗಳ ಜೊತೆ ಮೂರನೇ ಜಾಗವಾಗಿ ಒಂದು ಜಿಲ್ಲಾ ಆಸ್ಪತ್ರೆ ಇರಲಿ. ಇದು ಹೊಸ ಮಾತಲ್ಲ. ಎಂಎಸ್ ಓದುವವರು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮ ಈಗಾಗಲೇ ಇದೆ. ಎಂಎಸ್‌ಗೆ ಇರುವುದು ಪಿಎಚ್‌ಡಿಗೆ ಯಾಕಿಲ್ಲ?

ಎರಡು. ಸಾಲ ಹೊತ್ತ ಮನೆಯ ಡಾಕ್ಟರೂ ಕೂರುವಷ್ಟು ಸಂಬಳ ಇರಲಿ. ಸ್ಟೈಪೆಂಡ್ ಅಲ್ಲ, ಸಂಬಳ. ಯುರೋಪಿನವರು ಕೊಡುವುದನ್ನು ನಾವು ಕಲಿಯಬೇಕಾದ್ದು ಇದರಲ್ಲೇ.

ಮೂರು. ಮುಗಿಸಿ ಬಂದವರಿಗೆ ಇಲ್ಲಿ ಹುದ್ದೆ ಇರಲಿ, ವಾರದಲ್ಲಿ ಎರಡು ದಿನ ಸಂಶೋಧನೆಗೇ ಮೀಸಲು ಅಂತ ಆದೇಶದಲ್ಲೇ ಬರೆದಿರಲಿ. "ಫಾರಿನ್‌ಗೆ ಹೋದವರು ಬರುವುದಿಲ್ಲ" ಅಂತ ಬೈಯುವುದು ಸುಲಭ. ಬರಲು ಕುರ್ಚಿ ಎಲ್ಲಿದೆ? 2012ರ ಕಾನೂನಿನಿಂದ ಈ ರಾಜ್ಯ ಡಾಕ್ಟರುಗಳಿಗೆ ಕಡ್ಡಾಯ ಸೇವೆ ಹೇರಿತು. ಕಡ್ಡಾಯ ಮಾಡಲು ಗೊತ್ತಿರುವ ಸರ್ಕಾರಕ್ಕೆ ಕರೆಯಲೂ ಗೊತ್ತಿರಬೇಕು.

ನಾಲ್ಕು. ಯಾರ ಮನೆಯ ರಕ್ತ, ಎಕ್ಸ್‌ರೇ, ವಂಶವೃಕ್ಷ ತೆಗೆದುಕೊಂಡು ಪ್ರಬಂಧ ಬರೆದಿರೋ ಅವರ ಮನೆಗೆ ಹೋಗಿ, ಕನ್ನಡದಲ್ಲಿ, ಏನು ಗೊತ್ತಾಯಿತು ಅಂತ ಹೇಳುವವರೆಗೆ ಪಿಎಚ್‌ಡಿ ಮುಗಿದಂತಲ್ಲ. ಇದೊಂದು ಷರತ್ತಿಗೆ ಒಂದು ಪೈಸೆ ಖರ್ಚಿಲ್ಲ. ಆದರೂ ಇದೇ ಎಲ್ಲಕ್ಕಿಂತ ಕಷ್ಟದ್ದು ಅಂತ ನಮಗೆ ಗೊತ್ತು.

ಕೊನೆಗೊಂದು ಮಾತು

ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸಾವಿರ ವರ್ಷಕ್ಕೂ ಹಳೆಯ ವೀರಗಲ್ಲೊಂದಿದೆ. 'ಬೆಂಗಳೂರು' ಅನ್ನುವ ಹೆಸರು ಕಾಣಸಿಗುವ ಹಳೆಯ ಶಾಸನ ಅದು. ಒಂದು ಕಾಳಗದಲ್ಲಿ ಸತ್ತವನ ನೆನಪಿಗೆ ಕೆತ್ತಿಸಿದ್ದು. ಆಗಿನ ಕಾಲದವರು ಬಿದ್ದವನ ಹೆಸರನ್ನಾದರೂ ಕಲ್ಲಿನಲ್ಲಿ ಬರೆದರು. ಈಗ ಇದೇ ಬೇಗೂರಿನಲ್ಲಿ ದಿನಾ ಸಾರ್ವೆಯಿಂದ ಬೀಳುವವರ, ಕೀಲು ಸವೆದು ಕುರ್ಚಿಯಲ್ಲಿ ಕೂತವರ ಹೆಸರು ಟೋಕನ್ ಪುಸ್ತಕದಲ್ಲಿ ಬಿಟ್ಟರೆ ಎಲ್ಲೂ ಇಲ್ಲ.

ನಿಮ್ಮಲ್ಲೂ ಒಂದು ಕೇಳಿಕೆ ಇದೆ. ನಿಮ್ಮ ಊರಿನಲ್ಲಿ ಒಂದೇ ಮನೆಯ ಮೂರು ತಲೆಮಾರಿಗೆ ಸೊಂಟ, ಮೊಣಕಾಲು ಹೋಗಿದ್ದರೆ, ಅದನ್ನು ಕರ್ಮ ಅಂತಲೋ ಶಾಪ ಅಂತಲೋ ಬಿಡಬೇಡಿ. ಯಾರ್ಯಾರಿಗೆ, ಯಾವ ವಯಸ್ಸಿನಲ್ಲಿ ಶುರುವಾಯಿತು ಅಂತ ಒಂದು ಹಾಳೆಯಲ್ಲಿ ಬರೆದು ಜಿಲ್ಲಾ ಆಸ್ಪತ್ರೆಯ ಮೂಳೆ ಡಾಕ್ಟರಿಗೆ ಕೊಡಿ. ನಿಮ್ಮೂರಿನ ಯಾರಾದರೂ ಹುಡುಗಿಯೋ ಹುಡುಗನೋ ಎಂಬಿಬಿಎಸ್ ಓದುತ್ತಿದ್ದರೆ, ಊರಿಗೆ ಬಂದಾಗ ಈ ಹಾಳೆಯನ್ನು ತೋರಿಸಿ. ದೊಡ್ಡ ಪ್ರಬಂಧಗಳೆಲ್ಲ ಇಂಥ ಹಾಳೆಯಿಂದಲೇ ಶುರುವಾಗುವುದು.

ನಮ್ಮ ಗೇಟಿನ ಅಣ್ಣ ಮುಂದಿನ ತಿಂಗಳು ರಜೆ ಹಾಕಿ ಮಗಳನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋಗುತ್ತಾರಂತೆ. ಅಮ್ಮನ ಹೆಸರು, ಮಾವನ ಹೆಸರು, ತಮ್ಮ ಹೆಸರು, ಎಲ್ಲವನ್ನೂ ನಾವೇ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದೇವೆ. ಮಗಳ ಹೆಸರಿನ ಮುಂದೆ ಏನು ಬರೆಯಲಿ ಅಂತ ಕೇಳಿದೆವು. "ಖಾಲಿ ಬಿಡಿ" ಅಂದರು. "ಅದನ್ನ ಡಾಕ್ಟ್ರೇ ಬರೀಲಿ."